ಅಂಗಡಿಯಲ್ಲಿ ಕೊಂಡ ಕೋಳಿಮರಿ

ಅಮೆರಿಕ ಸಂಯುಕ್ತ ಸಂಸ್ಥಾನದ ಸಣ್ಣ ಪಟ್ಟಣಗಳಲ್ಲಿ ಬೇಸಾಯದ ಸಾಮಾನುಗಳನ್ನು ಮಾರುವ ದೊಡ್ಡ ಅಂಗಡಿಗಳಿವೆ. ಬೇಲಿಯ ತಂತಿ, ಮೊಳೆ, ಕುದುರೆಯ ತಡಿ, ನಾಯಿಯ ಆಹಾರ, ರಬ್ಬರು ಬೂಟು, ಟ್ರ್ಯಾಕ್ಟರಿನ ಬಿಡಿಭಾಗ, ಎಲ್ಲವೂ ಅಲ್ಲಿ ಒಂದೇ ಸೂರಿನಡಿ ದೊರೆಯುತ್ತವೆ. ಚಳಿಗಾಲವು ಹಿಂದೆಗೆದು ವಸಂತವು ಸಮೀಪಿಸುತ್ತಿರುವಂತೆ ಈ ಅಂಗಡಿಗಳ ಒಂದು ಮೂಲೆಯಿಂದ ಚಿಲಿಪಿಲಿ ಸದ್ದು ಕೇಳಿಬರತೊಡಗುವುದು. ದನಗಳಿಗೆ ನೀರುಣಿಸುವ ತಗಡಿನ ತೊಟ್ಟಿಗಳಲ್ಲಿ ಮರದ ಹೊಟ್ಟನ್ನು ಹರಡಿ, ಮೇಲೊಂದು ಕೆಂಪು ದೀಪವನ್ನು ತೂಗುಬಿಟ್ಟು, ಹುಟ್ಟಿ ಎರಡು ಮೂರು ದಿನಗಳಾದ ಕೋಳಿಮರಿಗಳನ್ನು ಅವುಗಳೊಳಗೆ ಬಿಟ್ಟಿರುತ್ತಾರೆ. ಮೊಳೆ ಕೊಳ್ಳಲು ಬಂದವನು ತೊಟ್ಟಿಯ ಬಳಿ ನಿಂತು, ಮಕ್ಕಳ ಒತ್ತಾಯಕ್ಕೆ ಮಣಿದು, ರಂಧ್ರಗಳುಳ್ಳ ರಟ್ಟಿನ ಪೆಟ್ಟಿಗೆಯೊಂದಿಗೆ ಮನೆಗೆ ಹಿಂದಿರುಗುವುದು ಆ ದೇಶದಲ್ಲಿ ಪ್ರತಿ ವರ್ಷದ ಸಂಗತಿ.

೨೦೨೫ರ ಮೊದಲ ತಿಂಗಳುಗಳಲ್ಲಿ ಈ ತೊಟ್ಟಿಗಳ ಸುತ್ತ ಜನಸಂದಣಿ ಇನ್ನಷ್ಟು ಹೆಚ್ಚಿತು. ೨೦೨೨ರಿಂದ ಹರಡುತ್ತ ಬಂದ ಹಕ್ಕಿಜ್ವರದಿಂದಾಗಿ ಕೋಟ್ಯಂತರ ಮೊಟ್ಟೆಕೋಳಿಗಳು ನಾಶವಾಗಿ, ಮೊಟ್ಟೆಯ ಬೆಲೆಯು ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತ್ತು. ಕೋಳಿಯನ್ನೇ ಸಾಕಿದರೆ ಮೊಟ್ಟೆಯನ್ನು ಕೊಳ್ಳಬೇಕಾಗಿಲ್ಲವೆಂದು ಬಹಳ ಮಂದಿ ಯೋಚಿಸಿದರು. ಇಲ್ಲಿ ಸ್ವಲ್ಪ ಲೆಕ್ಕವನ್ನು ಹಾಕಿ ನೋಡುವುದು ಒಳ್ಳೆಯದು. ಇಂದು ಕೊಂಡ ಹೆಣ್ಣುಮರಿಯು ಮೊದಲ ಮೊಟ್ಟೆಯನ್ನಿಡಲು ಸುಮಾರು ಇಪ್ಪತ್ತು ವಾರಗಳು ಬೇಕು. ಅಷ್ಟರಲ್ಲಿ ಅದು ಏಳೆಂಟು ಕಿಲೋಗ್ರಾಂ ಆಹಾರವನ್ನು ತಿಂದಿರುತ್ತದೆ. ಬಳಿಕ ದಿನಕ್ಕೆ ಸುಮಾರು ೧೧೦ ಗ್ರಾಂ ತಿನ್ನುವ ಹೇಂಟೆಯು ಹತ್ತು ದಿನಗಳಲ್ಲಿ ಏಳು ಮೊಟ್ಟೆಗಳನ್ನಿಡುವುದೆಂದು ಭಾವಿಸಿದರೆ, ಒಂದು ಡಜನ್ ಮೊಟ್ಟೆಗೆ ಹದಿನೇಳು ದಿನಗಳೂ ೧.೯ ಕಿಲೋಗ್ರಾಂ ಆಹಾರವೂ ಬೇಕಾಗುತ್ತವೆ. ಗೂಡು, ಬೇಲಿ, ದೀಪಗಳ ವೆಚ್ಚ ಬೇರೆ. ಹೀಗಿರುವಲ್ಲಿ ಅಗ್ಗದ ಮೊಟ್ಟೆಗಾಗಿ ಮರಿಗಳನ್ನು ಕೊಳ್ಳುವವರು ನಿರಾಶರಾಗುವುದೇ ಹೆಚ್ಚು. ಬೇರೆ ಕಾರಣಗಳಿಗಾಗಿ ಕೊಳ್ಳುವವರ ಮಾತು ಬೇರೆ. ಅಂತಹವರು ತಮ್ಮ ಕೈಗೆ ಬಂದಿರುವ ಪ್ರಾಣಿ ಎಂತಹುದು, ಅದು ಎಲ್ಲಿಂದ ಬಂದಿತು, ಅದರ ಬಾಳು ಯಾವುದನ್ನು ಅವಲಂಬಿಸಿದೆ ಎಂಬುದನ್ನು ತಿಳಿದಿರುವುದು ಅಗತ್ಯ.

ಅಂಗಡಿಯವರು ಮರಿಗಳನ್ನು ತಾವೇ ಮಾಡಿಸುವುದಿಲ್ಲ. ಅವು ನೂರಾರು ಮೈಲಿಗಳಾಚೆಯ ಹ್ಯಾಚರಿಗಳಿಂದ ಬರುತ್ತವೆ. ಅದೂ ಬಹುಮಟ್ಟಿಗೆ ಅಂಚೆಯ ಮೂಲಕ. ನ್ಯೂ ಜೆರ್ಸಿಯ ಸ್ಟಾಕ್ಟನ್ನಿನಲ್ಲಿದ್ದ ಜೋಸೆಫ್ ವಿಲ್ಸನ್ ಎಂಬಾತನು ೧೮೯೨ರಲ್ಲಿಯೇ ಆಗತಾನೆ ಹುಟ್ಟಿದ ಮರಿಗಳನ್ನು ರೈಲಿನಲ್ಲಿ ದೂರದೂರಿಗೆ ಕಳುಹಿಸಿದ್ದನು. ೧೯೧೮ರಲ್ಲಿ ಅಮೆರಿಕದ ಅಂಚೆ ಇಲಾಖೆಯು ಒಂದು ದಿನದ ಮರಿಗಳನ್ನು ಸಾಗಿಸಲು ಒಪ್ಪಿಕೊಂಡ ಮೇಲೆ ಈ ವ್ಯಾಪಾರವು ದೇಶವನ್ನೆಲ್ಲ ವ್ಯಾಪಿಸಿತು. ಇಂದಿಗೂ ಅಲ್ಲಿಯ ಅಂಚೆಯ ನಿಯಮದಂತೆ ಮರಿಗಳನ್ನು ಹುಟ್ಟಿದ ೨೪ ಗಂಟೆಗಳೊಳಗೆ ಅಂಚೆಗೆ ಹಾಕಬೇಕು. ಹುಟ್ಟಿದ ೭೨ ಗಂಟೆಗಳೊಳಗೆ ಅವು ವಿಳಾಸವನ್ನು ಮುಟ್ಟಬೇಕು. ಪೆಟ್ಟಿಗೆಯಲ್ಲಿ ಆಹಾರವನ್ನಾಗಲಿ ನೀರನ್ನಾಗಲಿ ಇಡುವ ಅಗತ್ಯವಿಲ್ಲ.

ಹುಟ್ಟಿದ ಕೂಸನ್ನು ಮೂರು ದಿನ ಅನ್ನ ನೀರಿಲ್ಲದೆ ಕಳುಹಿಸುವುದೇ ಎಂದು ಯಾರಾದರೂ ಬೆರಗಾಗಬಹುದು. ಇದರ ಮರ್ಮವು ಮೊಟ್ಟೆಯ ಹಳದಿಯಲ್ಲಿದೆ. ಕೋಳಿಯ ಮೊಟ್ಟೆಯು ಕಾವು ಪಡೆದು ಮರಿಯಾಗಲು ೨೧ ದಿನಗಳು ಬೇಕು. ಈ ಅವಧಿಯಲ್ಲಿ ಬೆಳೆಯುತ್ತಿರುವ ಭ್ರೂಣವು ಬಿಳಿಯ ಲೋಳೆಯನ್ನು ಸಂಪೂರ್ಣವಾಗಿ ಉಪಯೋಗಿಸಿಕೊಳ್ಳುತ್ತದೆಯಾದರೂ ಹಳದಿಯನ್ನು ಪೂರ್ತಿಯಾಗಿ ಮುಗಿಸುವುದಿಲ್ಲ. ಹೊರಬರುವುದಕ್ಕೆ ಒಂದೆರಡು ದಿನಗಳ ಮೊದಲು, ಉಳಿದ ಹಳದಿಯನ್ನು ಅದರ ಚೀಲದೊಂದಿಗೆ ಹೊಕ್ಕುಳಿನ ಮೂಲಕ ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುವುದು. ಆಮೇಲೆ ಕೊಕ್ಕಿನ ತುದಿಯಲ್ಲಿರುವ ಗಟ್ಟಿಯಾದ ಮೊನೆಯಿಂದ ಚಿಪ್ಪನ್ನು ಕುಟ್ಟಿ ಒಡೆಯುತ್ತದೆ. ಸುಮಾರು ನಲವತ್ತು ಗ್ರಾಂ ತೂಗುವ ಮರಿಯ ಹೊಟ್ಟೆಯಲ್ಲಿ ಇಂತಹ ಬುತ್ತಿಯು ಐದಾರು ಗ್ರಾಮಿನಷ್ಟಿರುತ್ತದೆ. ಅದರಲ್ಲಿ ಕೊಬ್ಬೂ ಪ್ರೋಟೀನೂ ಇರುವುದಲ್ಲದೆ, ತಾಯಿಯು ತಾನು ಗೆದ್ದ ರೋಗಗಳ ವಿರುದ್ಧ ಗಳಿಸಿದ ಪ್ರತಿಕಾಯಗಳೂ ಇರುತ್ತವೆ. ಕೋಳಿಗೆ ಹಾಲಿಲ್ಲದ ಕೊರತೆಯನ್ನು ಹಳದಿಯೇ ತುಂಬುತ್ತದೆ.

ಪ್ರಕೃತಿಯಲ್ಲಿ ಇಂತಹ ಏರ್ಪಾಡೇಕೆ? ಕಾವಿಗೆ ಕುಳಿತ ಹೇಂಟೆಯ ಅಡಿಯಲ್ಲಿರುವ ಹತ್ತು ಹನ್ನೆರಡು ಮೊಟ್ಟೆಗಳು ಒಂದೇ ಗಳಿಗೆಯಲ್ಲಿ ಒಡೆಯುವುದಿಲ್ಲ. ಮೊದಲು ಬಂದ ಮರಿಯು ಹಸಿವೆಂದು ಕೂಗಿದಾಗ ತಾಯಿ ಎದ್ದುಹೋದರೆ ಉಳಿದ ಮೊಟ್ಟೆಗಳು ತಣ್ಣಗಾಗಿ ಕೆಡುವುವು. ಬುತ್ತಿಯನ್ನು ಕಟ್ಟಿಕೊಂಡು ಬಂದ ಮರಿಯು ತಮ್ಮಂದಿರಿಗಾಗಿ ಒಂದೆರಡು ದಿನ ತಾಯಿಯ ರೆಕ್ಕೆಯಡಿಯಲ್ಲಿ ಸುಮ್ಮನೆ ಕಾದಿರಬಲ್ಲದು. ಈ ಕಾಯುವ ಕಾಲವನ್ನೇ ಮನುಷ್ಯನು ಅಂಚೆಯ ಚೀಲಕ್ಕೆ ಹಾಕಿದ್ದಾನೆ. ಆದರೆ ಬದುಕಿರಬಲ್ಲದು ಎಂದ ಮಾತ್ರಕ್ಕೆ ಅದರಿಂದ ಮರಿಗೆ ಒಳ್ಳೆಯದಾಗುತ್ತದೆ ಎಂದಲ್ಲ. ಬೇಗ ಆಹಾರ ದೊರೆತ ಮರಿಗಳ ಕರುಳು ಬೇಗ ಬಲಿಯುವುದೆಂದೂ, ಅವು ಹಳದಿಯನ್ನೂ ಚೆನ್ನಾಗಿ ಬಳಸಿಕೊಳ್ಳುವುವೆಂದೂ ಪ್ರಯೋಗಗಳಿಂದ ತಿಳಿದುಬಂದಿದೆ. ಅಂಚೆಯು ತಡವಾದಾಗ ಅಥವಾ ದಾರಿಯಲ್ಲಿ ಚಳಿ ತಗುಲಿದಾಗ ಪೆಟ್ಟಿಗೆಯಲ್ಲಿಯೇ ಮರಿಗಳು ಸಾಯುವುದೂ ಉಂಟು. ಈ ದೃಷ್ಟಿಯಿಂದ ಅಂಗಡಿಯಲ್ಲಿ ಕೊಳ್ಳುವವನಿಗೆ ಒಂದು ಅನುಕೂಲವಿದೆ: ಪ್ರಯಾಣದ ಕಷ್ಟವನ್ನು ದಾಟಿ ಬದುಕಿ ನಿಂತಿರುವ ಮರಿಯನ್ನು ಕಣ್ಣಾರೆ ನೋಡಿ ಆರಿಸಿಕೊಳ್ಳಬಹುದು.

ಆರಿಸುವುದು ಹೇಗೆ? ಆರೋಗ್ಯವಾದ ಮರಿಯ ಕಣ್ಣು ದುಂಡಗೆ, ಹೊಳಪಾಗಿರುತ್ತದೆ. ತುಪ್ಪುಳು ಒಣಗಿ ಉಬ್ಬಿರುತ್ತದೆ. ಕಾಲ್ಬೆರಳುಗಳು ನೆಟ್ಟಗಿರುತ್ತವೆ, ಕೊಕ್ಕಿನ ಎರಡು ಭಾಗಗಳೂ ಸರಿಯಾಗಿ ಕೂಡಿರುತ್ತವೆ. ಹೊಕ್ಕುಳು ಮುಚ್ಚಿ ಒಣಗಿರಬೇಕು. ಹಸಿಯಾಗಿ ತೆರೆದಿದ್ದರೆ ಅದರ ಮೂಲಕ ರೋಗಾಣುಗಳು ನೇರವಾಗಿ ಹಳದಿಯ ಚೀಲವನ್ನು ಸೇರುವುವು. ಮಲಗಿದ ಮರಿಯನ್ನು ಕಂಡು ಕೂಡಲೆ ರೋಗವೆಂದು ಭಾವಿಸಬಾರದು. ಎಳೆಯ ಮರಿಗಳು ಹಠಾತ್ತಾಗಿ, ಓಡುತ್ತಿದ್ದ ಜಾಗದಲ್ಲಿಯೇ, ಕುತ್ತಿಗೆ ಚಾಚಿ ನಿದ್ರೆ ಹೋಗುವುವು. ತೊಟ್ಟಿಯನ್ನು ಮೆಲ್ಲನೆ ತಟ್ಟಿದಾಗ ಎದ್ದು ಓಡಿದರೆ ಅದು ನಿದ್ರೆ. ರೆಕ್ಕೆ ಇಳಿಬಿಟ್ಟು ನಿಂತಲ್ಲಿಯೇ ತೂಗಾಡುತ್ತಿದ್ದರೆ ಅದು ಬೇನೆ. ಹಿಂಭಾಗದಲ್ಲಿ ಹಿಕ್ಕೆಯು ಅಂಟಿ ಗಟ್ಟಿಯಾಗಿರುವುದು ಪ್ರಯಾಣದ ಬಳಲಿಕೆಯಿಂದ ಆಗುವಂತಹುದು. ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ನೆನೆಸಿ ಬಿಡಿಸದಿದ್ದರೆ ದ್ವಾರ ಮುಚ್ಚಿಹೋಗಿ ಮರಿಯು ಸಾಯಬಹುದು. ಹೊಸಬರು ಇಲ್ಲಿ ಒಂದು ಎಚ್ಚರವನ್ನು ವಹಿಸಬೇಕು. ಹೊಟ್ಟೆಯ ಕೆಳಗೆ, ದ್ವಾರಕ್ಕಿಂತ ಸ್ವಲ್ಪ ಮುಂದೆ, ಒಣಗಿದ ಹೊಕ್ಕುಳಿನ ಹಕ್ಕಳೆಯಿರುತ್ತದೆ. ಅದನ್ನು ಅಂಟಿದ ಹಿಕ್ಕೆಯೆಂದು ತಿಳಿದು ಕಿತ್ತರೆ ಮರಿಗೆ ಪ್ರಾಣಾಪಾಯ.

ತೊಟ್ಟಿಗಳ ಮೇಲೆ ಅಂಟಿಸಿರುವ ಚೀಟಿಗಳತ್ತ ಈಗ ನೋಡೋಣ. ಒಂದರ ಮೇಲೆ 'ಪುಲೆಟ್' ಎಂದಿರುತ್ತದೆ, ಅಂದರೆ ಹೆಣ್ಣುಮರಿಗಳು. ಇನ್ನೊಂದರ ಮೇಲೆ 'ಸ್ಟ್ರೈಟ್ ರನ್' ಎಂದಿರುತ್ತದೆ. ಅಂದರೆ ಹುಟ್ಟಿದ ಹಾಗೆಯೇ, ಗಂಡು ಹೆಣ್ಣುಗಳನ್ನು ಬೇರ್ಪಡಿಸದೆ ತಂದವು. ಎರಡನೆಯ ತೊಟ್ಟಿಯಿಂದ ಆರು ಮರಿಗಳನ್ನು ಕೊಂಡವನಿಗೆ ಸುಮಾರಾಗಿ ಮೂರು ಹುಂಜಗಳು ಬರುವುವೆಂದು ಎಣಿಸಬೇಕು. ದುರದೃಷ್ಟವಿದ್ದರೆ ಐದೂ ಬರಬಹುದು. ಅನೇಕ ಪಟ್ಟಣಗಳಲ್ಲಿ ಹೇಂಟೆಗಳನ್ನು ಸಾಕಲು ಅನುಮತಿಯಿದ್ದರೂ ಕೂಗಿನ ಕಾರಣದಿಂದ ಹುಂಜಕ್ಕೆ ಅನುಮತಿಯಿಲ್ಲ. ಆದುದರಿಂದ ಈ ಚೀಟಿಯ ಅರ್ಥವನ್ನು ತಿಳಿಯದೆ ಕೊಂಡವರು ನಾಲ್ಕೈದು ತಿಂಗಳ ಬಳಿಕ, ಮಕ್ಕಳು ಹೆಸರಿಟ್ಟು ಸಾಕಿದ ಹಕ್ಕಿಯನ್ನು ಏನು ಮಾಡುವುದೆಂದು ತಿಳಿಯದೆ ಪೇಚಾಡುವರು.

ಒಂದು ದಿನದ ಮರಿಯಲ್ಲಿ ಗಂಡು ಹೆಣ್ಣುಗಳನ್ನು ಗುರುತಿಸುವುದು ಬಹಳ ಕಾಲ ಅಸಾಧ್ಯವೆಂದೇ ಎಣಿಸಲಾಗಿತ್ತು. ಮೊದಲ ಮಾರ್ಗವನ್ನು ತೋರಿಸಿದವರು ಜಪಾನಿನವರು. ಕಿಯೋಶಿ ಮಸುಯಿ ಮತ್ತು ಅವರ ಸಂಗಡಿಗರು, ಮರಿಯ ದ್ವಾರದ ಒಳಬದಿಯಲ್ಲಿರುವ ಸಾಸಿವೆಗಿಂತಲೂ ಸಣ್ಣದಾದ ಗುಬಟೊಂದರ ಆಕಾರದಿಂದ ಲಿಂಗವನ್ನು ತಿಳಿಯಬಹುದೆಂದು ಕಂಡುಕೊಂಡರು. ೧೯೨೭ರಲ್ಲಿ ಕೆನಡಾದ ಒಟ್ಟಾವಾ ನಗರದಲ್ಲಿ ಸೇರಿದ ಜಾಗತಿಕ ಕೋಳಿಸಾಕಣೆಯ ಸಮ್ಮೇಳನದಲ್ಲಿ ಈ ವಿಷಯವು ಮಂಡಿತವಾದ ಮೇಲೆ ಜಪಾನಿನ ಪರಿಣತರಿಗೆ ಎಲ್ಲೆಡೆಯಿಂದಲೂ ಕರೆ ಬರತೊಡಗಿತು. ಪಳಗಿದ ಕೈಯವರು ಗಂಟೆಗೆ ಸಾವಿರದಷ್ಟು ಮರಿಗಳನ್ನು ನೂರಕ್ಕೆ ಎರಡು ಮೂರು ತಪ್ಪುಗಳಿಗಿಂತ ಹೆಚ್ಚಿಲ್ಲದೆ ಬೇರ್ಪಡಿಸಬಲ್ಲರು. ತಾವು ಏನನ್ನು ಕಂಡು ನಿರ್ಧರಿಸುತ್ತೇವೆಂಬುದನ್ನು ಅವರಲ್ಲಿ ಎಷ್ಟೋ ಮಂದಿ ಮಾತಿನಲ್ಲಿ ವಿವರಿಸಲಾರರು. ಗುರುವಿನ ಪಕ್ಕದಲ್ಲಿ ಕುಳಿತು ತಿಂಗಳುಗಟ್ಟಲೆ ಅಭ್ಯಾಸ ಮಾಡಿಯೇ ಕಲಿಯಬೇಕಾದ ವಿದ್ಯೆ ಇದು. ಅಂಗಡಿಯ ಸೇವಕನಾಗಲಿ ಕೊಳ್ಳುವವನಾಗಲಿ ಪ್ರಯತ್ನಿಸಿದರೆ ಮರಿಯ ಕರುಳಿಗೆ ಘಾಸಿಯಾಗುವುದು ಮಾತ್ರ ನಿಶ್ಚಯ. ಮರಿಯನ್ನು ತಲೆಕೆಳಗಾಗಿ ಹಿಡಿದು ನೋಡುವುದು, ದಾರಕ್ಕೆ ಉಂಗುರ ಕಟ್ಟಿ ಅದರ ಮೇಲೆ ತೂಗಿಸುವುದು ಮೊದಲಾದ ಉಪಾಯಗಳಿಗೆ ಯಾವ ಆಧಾರವೂ ಇಲ್ಲ.

ಎರಡನೆಯ ಮಾರ್ಗವು ಅನುವಂಶೀಯತೆಯ ನಿಯಮಗಳಿಂದ ದೊರೆತದ್ದು. ಇದು ಹೆಚ್ಚು ಸೊಗಸಾದುದು. ಮನುಷ್ಯರಲ್ಲಿ ಮಗುವಿನ ಲಿಂಗವನ್ನು ನಿರ್ಧರಿಸುವುದು ತಂದೆಯ ಜೀವಕಣ. ಹಕ್ಕಿಗಳಲ್ಲಿ ಇದು ತಿರುವುಮುರುವು. ಹುಂಜದಲ್ಲಿ ಜೆಡ್ ಎಂಬ ವರ್ಣತಂತುಗಳು ಎರಡು; ಹೇಂಟೆಯಲ್ಲಿ ಒಂದು ಜೆಡ್, ಒಂದು ಡಬ್ಲ್ಯೂ. ಹೇಂಟೆಯು ತನ್ನ ಏಕೈಕ ಜೆಡ್ ವರ್ಣತಂತುವನ್ನು ಗಂಡುಮಕ್ಕಳಿಗೆ ಮಾತ್ರ ಕೊಡಬಲ್ಲದು. ಹೆಣ್ಣುಮಕ್ಕಳಿಗೆ ಜೆಡ್ ಬರುವುದು ತಂದೆಯಿಂದಲೇ. ಗರಿಗಳ ಮೇಲೆ ಬಿಳಿಯ ಪಟ್ಟೆಗಳನ್ನು ಮೂಡಿಸುವ ಗುಣವು ಈ ಜೆಡ್ ವರ್ಣತಂತುವಿನಲ್ಲಿಯೇ ಇದೆ. ಅದು ಪಟ್ಟೆಯಿಲ್ಲದ ಗುಣವನ್ನು ಮೀರಿ ತೋರತಕ್ಕದ್ದು. ಈಗ ಪಟ್ಟೆಯುಳ್ಳ ಪ್ಲಿಮತ್ ರಾಕ್ ಹೇಂಟೆಗೆ ಪಟ್ಟೆಯಿಲ್ಲದ ರೋಡ್ ಐಲೆಂಡ್ ರೆಡ್ ಹುಂಜವನ್ನು ಕೂಡಿಸಿದರೆ ಏನಾಗುವುದು? ತಾಯಿಯ ಪಟ್ಟೆಯ ಗುಣವು ಗಂಡುಮರಿಗಳಿಗೆಲ್ಲ ಹೋಗುತ್ತದೆ, ಹೆಣ್ಣುಮರಿ ಒಂದಕ್ಕೂ ಹೋಗುವುದಿಲ್ಲ. ಹುಟ್ಟಿದ ದಿನ ಪಟ್ಟೆಗಳು ಕಾಣದಿದ್ದರೂ ಅದೇ ಗುಣವು ಮರಿಯ ನೆತ್ತಿಯ ಮೇಲೆ ಬಿಳಿಯ ಚುಕ್ಕೆಯಾಗಿ ತೋರುತ್ತದೆ. ಕಪ್ಪು ತಲೆಯ ಮೇಲೆ ಬಿಳಿಯ ಬೊಟ್ಟಿದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು! ಇವನ್ನೇ ಅಂಗಡಿಯಲ್ಲಿ 'ಬ್ಲ್ಯಾಕ್ ಸೆಕ್ಸ್ ಲಿಂಕ್' ಎಂಬ ಹೆಸರಿನಿಂದ ಮಾರುವರು. ಹುಂಜವು ಪಟ್ಟೆಯದಾಗಿ ಹೇಂಟೆಯು ಕೆಂಪಾಗಿದ್ದರೆ ಈ ಉಪಾಯ ಫಲಿಸದು; ಏಕೆಂದರೆ ಆಗ ತಂದೆಯಿಂದ ಗಂಡಿಗೂ ಹೆಣ್ಣಿಗೂ ಪಟ್ಟೆಯ ಗುಣ ಬರುತ್ತದೆ. ಅಂತೆಯೇ ಇಂತಹ ಬೆರಕೆಯ ಮರಿಗಳು ಬೆಳೆದು ತಮ್ಮೊಳಗೇ ಕೂಡಿ ಹುಟ್ಟುವ ಮುಂದಿನ ಪೀಳಿಗೆಯಲ್ಲಿ ಗುರುತು ಅಳಿಸಿಹೋಗುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ರೆಜಿನಾಲ್ಡ್ ಪನೆಟ್ ಎಂಬ ವಿಜ್ಞಾನಿಯು ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಕಾಳಿನ ಅಭಾವವಿದ್ದಾಗ ಬೇಡದ ಗಂಡುಮರಿಗಳಿಗೆ ಅದನ್ನು ತಿನ್ನಿಸುವುದು ತಪ್ಪಲೆಂದು, ತುಪ್ಪುಳಿನ ಬಣ್ಣದಿಂದ ಲಿಂಗವನ್ನು ಗುರುತಿಸುವ ಈ ಕ್ರಮವನ್ನು ಬಳಕೆಗೆ ತರಲು ಶ್ರಮಿಸಿದನು.

ಬೇಡದ ಗಂಡುಮರಿಗಳು ಎಂದೆವು. ಈ ಮಾತಿನ ಹಿಂದೆ ಕಹಿಯಾದ ಸತ್ಯವೊಂದಿದೆ. ಅದನ್ನು ಮರೆಮಾಚುವುದು ಸರಿಯಲ್ಲ. ಮೊಟ್ಟೆಯ ತಳಿಗಳ ಗಂಡು ಮೊಟ್ಟೆಯನ್ನೂ ಇಡದು, ಮಾಂಸಕ್ಕಾಗಿ ಬೆಳೆಸಿದರೆ ಬ್ರಾಯ್ಲರ್ ಕೋಳಿಯಂತೆ ಬೇಗ ಬಲಿಯಲೂ ಬಲಿಯದು. ಆದುದರಿಂದ ಲೋಕದ ಹ್ಯಾಚರಿಗಳಲ್ಲಿ ಪ್ರತಿ ವರ್ಷವೂ ನೂರಾರು ಕೋಟಿ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲಲಾಗುತ್ತದೆ. 'ಪುಲೆಟ್' ಎಂಬ ಚೀಟಿಯಿರುವ ತೊಟ್ಟಿಯಲ್ಲಿನ ಪ್ರತಿಯೊಂದು ಮರಿಗೂ ಒಬ್ಬ ಸಹೋದರನಿದ್ದನು. ಜರ್ಮನಿಯು ೨೦೨೨ರಿಂದಲೂ ಫ್ರಾನ್ಸ್ ೨೦೨೩ರಿಂದಲೂ ಈ ಪದ್ಧತಿಯನ್ನು ನಿಷೇಧಿಸಿದವು. ಮೊಟ್ಟೆಯು ಇನ್ನೂ ಕಾವಿನಲ್ಲಿರುವಾಗಲೇ ಅದರೊಳಗಿನ ಲಿಂಗವನ್ನು ಪತ್ತೆಹಚ್ಚಿ, ಗಂಡಿನ ಮೊಟ್ಟೆಗಳನ್ನು ತೆಗೆದುಬಿಡುವ ಯಂತ್ರಗಳು ಅಲ್ಲಿ ಬಳಕೆಗೆ ಬಂದಿವೆ. ನಮ್ಮ ಊರುಗಳ ಸಂತೆಯಲ್ಲಿ, ಶಾಲೆಗಳ ಮುಂದೆ, ಗುಲಾಬಿ ಹಸುರು ಬಣ್ಣಗಳನ್ನು ಬಳಿದು ಬುಟ್ಟಿಯಲ್ಲಿ ಮಾರುವ ಮರಿಗಳನ್ನು ವಾಚಕರು ಕಂಡಿರಬಹುದು. ಅವು ಬಹುಮಟ್ಟಿಗೆ ಹ್ಯಾಚರಿಗಳವರಿಗೆ ಬೇಡವಾದ ಇಂತಹ ಗಂಡುಮರಿಗಳೇ. ಕಾವಿಲ್ಲದೆ, ತಕ್ಕ ಆಹಾರವಿಲ್ಲದೆ ಅವುಗಳಲ್ಲಿ ಹೆಚ್ಚಿನವು ವಾರದೊಳಗೆ ಸಾಯುತ್ತವೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಮರಿಗಳಿಗೆ ಬಣ್ಣ ಹಾಕಿ ಮಾರುವುದು ಕಾನೂನಿಗೆ ವಿರುದ್ಧ. ಒಂದೆರಡು ಮರಿಗಳನ್ನು ಮಾತ್ರ ಮಾರಬಾರದು, ಕನಿಷ್ಠ ಇಷ್ಟನ್ನು ಒಟ್ಟಿಗೆ ಕೊಳ್ಳಬೇಕು ಎಂಬ ನಿಯಮವೂ ಕೆಲವೆಡೆ ಇದೆ. ಈಸ್ಟರ್ ಹಬ್ಬದ ಆಟಿಕೆಯೆಂದು ಮರಿಗಳನ್ನು ಕೊಂಡೊಯ್ಯುವುದನ್ನು ತಡೆಯುವುದು ಇದರ ಉದ್ದೇಶ. ಒಂಟಿ ಮರಿಯು ದಿನವಿಡೀ ಕೂಗುತ್ತ ಬಳಲುವುದರಿಂದ ಇದು ಮರಿಯ ಹಿತಕ್ಕೂ ಒಪ್ಪುವ ನಿಯಮ.

ಅಂಗಡಿಯವನನ್ನು ಕೇಳಲೇಬೇಕಾದ ಪ್ರಶ್ನೆಗಳು ಎರಡಿವೆ. ಮರಿಗಳಿಗೆ ಮಾರೆಕ್ಸ್ ರೋಗದ ಲಸಿಕೆಯಾಗಿದೆಯೆ ಎಂಬುದು ಒಂದು. ಹಂಗೆರಿಯ ಯೋಜೆಫ್ ಮಾರೆಕ್ ೧೯೦೭ರಲ್ಲಿ ವರ್ಣಿಸಿದ ಈ ವ್ಯಾಧಿಯಿಂದ ಕೋಳಿಯ ಕಾಲುಗಳು ಸ್ವಾಧೀನ ತಪ್ಪುವುವು, ಒಳಗಿನ ಅಂಗಗಳಲ್ಲಿ ಗಂತಿಗಳೇಳುವುವು. ಇದಕ್ಕೆ ವೈರಸ್ ಕಾರಣವೆಂಬುದು ೧೯೬೭ರಲ್ಲಿ ತಿಳಿಯಿತು. ಕೆಲವೇ ವರ್ಷಗಳಲ್ಲಿ ಲಸಿಕೆಯೂ ಸಿದ್ಧವಾಯಿತು. ಯಾವುದೇ ಪ್ರಾಣಿಯಲ್ಲಿ ಕ್ಯಾನ್ಸರನ್ನು ತಡೆಯಲು ವ್ಯಾಪಕವಾಗಿ ಬಳಸಿದ ಮೊದಲ ಲಸಿಕೆ ಇದೇ. ಇದನ್ನು ಹ್ಯಾಚರಿಯಲ್ಲಿ, ಮೊಟ್ಟೆಯೊಳಗಿರುವಾಗ ಇಲ್ಲವೆ ಹುಟ್ಟಿದ ದಿನವೇ, ಹಾಕಬೇಕು. ಮನೆಗೆ ತಂದ ಮೇಲೆ ಹಾಕಿಸೋಣವೆಂದರೆ ಬಹುತೇಕ ಕಾಲ ಮೀರಿರುತ್ತದೆ. ಎರಡನೆಯದು, ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿಗೆ ಲಸಿಕೆಯಾಗಿದೆಯೆ ಎಂಬುದು. ಅಂಗಡಿಯಲ್ಲಿ ಮಾರುವ ಮರಿಗಳ ಆಹಾರದಲ್ಲಿ ಔಷಧ ಸೇರಿಸಿದ್ದು, ಸೇರಿಸದಿದ್ದುದು ಎಂದು ಎರಡು ಬಗೆಗಳಿರುತ್ತವೆ. ಆಂಪ್ರೋಲಿಯಂ ಎಂಬ ಈ ಔಷಧವು ರೂಪದಲ್ಲಿ ಬಿ೧ ಜೀವಸತ್ವವನ್ನು ಹೋಲುತ್ತದೆ. ಕರುಳಿನಲ್ಲಿರುವ ಪರೋಪಜೀವಿಯು ಜೀವಸತ್ವವೆಂದು ಭ್ರಮಿಸಿ ಇದನ್ನು ಹೀರಿಕೊಂಡು ಹಸಿದು ಕ್ಷೀಣಿಸುತ್ತದೆ. ಆದರೆ ಲಸಿಕೆಯೆಂದರೆ ಅದೇ ಪರೋಪಜೀವಿಯ ಸೌಮ್ಯವಾದ ಪ್ರಮಾಣ. ಲಸಿಕೆಯಾದ ಮರಿಗೆ ಔಷಧದ ಆಹಾರ ಹಾಕಿದರೆ ಲಸಿಕೆಯೇ ವ್ಯರ್ಥವಾಗುವುದು. ಇನ್ನು ಮೊಟ್ಟೆಯಿಡುವ ಕೋಳಿಗಳ ಆಹಾರವನ್ನು ಮರಿಗಳಿಗೆ ಯಾವ ಕಾರಣಕ್ಕೂ ಕೊಡಬಾರದು. ಚಿಪ್ಪಿಗೆಂದು ಅದರಲ್ಲಿ ಸೇರಿಸಿರುವ ಅಧಿಕ ಸುಣ್ಣವು ಎಳೆಯ ಮೂತ್ರಪಿಂಡಗಳನ್ನು ಕೆಡಿಸುತ್ತದೆ.

ಮನೆಯಲ್ಲಿ ಮರಿಗೆ ಎಲ್ಲಕ್ಕಿಂತ ಮೊದಲು ಬೇಕಾದುದು ಕಾವು. ಅದರ ತುಪ್ಪುಳು ಗರಿಯಲ್ಲ. ಮೊದಲ ಎರಡು ಮೂರು ವಾರ ಅದು ತನ್ನ ಮೈಯ ಉಷ್ಣತೆಯನ್ನು ತಾನೇ ಕಾಯ್ದುಕೊಳ್ಳಲಾರದು. ಆದುದರಿಂದ ಮರಿಗಳನ್ನು ಕೊಳ್ಳುವ ಮೊದಲೇ ಬ್ರೂಡರನ್ನು ಸಿದ್ಧಗೊಳಿಸಿ ಬೆಚ್ಚಗಾಗಿಸಿರಬೇಕು. ಮೊದಲ ವಾರ ದೀಪದಡಿಯಲ್ಲಿ ೩೫ ಡಿಗ್ರಿ ಸೆಂಟಿಗ್ರೇಡ್ ಇರಲಿ. ಬಳಿಕ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಉಷ್ಣಮಾಪಕಕ್ಕಿಂತ ಮರಿಗಳೇ ನಂಬಲರ್ಹವಾದ ಸೂಚಕಗಳು. ದೀಪದಡಿಯಲ್ಲಿ ಒಂದರ ಮೇಲೊಂದು ಬಿದ್ದು ಕೂಗುತ್ತಿದ್ದರೆ ಚಳಿ. ಗೋಡೆಯತ್ತ ಸರಿದು ಕೊಕ್ಕು ತೆರೆದು ಏದುತ್ತಿದ್ದರೆ ಸೆಕೆ. ಎಲ್ಲೆಡೆ ಹರಡಿಕೊಂಡು ಮೆಲುದನಿಯಲ್ಲಿ ಚಿಲಿಪಿಲಿಗುಟ್ಟುತ್ತಿದ್ದರೆ ಕಾವು ಹದವಾಗಿದೆ. ೨೫೦ ವಾಟಿನ ದೀಪವು ಒಣ ಹೊಟ್ಟಿನ ಮೇಲೆ ಬಿದ್ದು ಕೊಟ್ಟಿಗೆಗಳೂ ಮನೆಗಳೂ ಸುಟ್ಟುಹೋದುದುಂಟು. ಅದನ್ನು ಅದರ ತಂತಿಯಿಂದಲೇ ತೂಗಬಿಡದೆ ಸರಪಳಿಯಿಂದ ಎರಡು ಕಡೆ ಬಿಗಿಯಬೇಕು.

ಬಂದ ಕೂಡಲೆ ಮೊದಲು ನೀರು, ಆಮೇಲೆ ಆಹಾರ. ಪ್ರತಿ ಮರಿಯ ಕೊಕ್ಕಿನ ತುದಿಯನ್ನು ಒಮ್ಮೆ ನೀರಿಗೆ ಮುಟ್ಟಿಸಿದರೆ ಸಾಕು, ಕಲಿತುಕೊಳ್ಳುತ್ತದೆ. ತಟ್ಟೆಯು ಆಳವಾಗಿದ್ದರೆ ಮುಳುಗಿ ಸಾಯುವುದರಿಂದ ಅದರಲ್ಲಿ ನುಣುಪಾದ ಕಲ್ಲುಗಳನ್ನು ಹಾಕಿಡುವುದು ವಾಡಿಕೆ.

ಮರಿಯಿಂದ ಮನುಷ್ಯನಿಗೆ ಬರುವ ಅಪಾಯವನ್ನು ಹೇಳದೆ ಬಿಡಲಾಗದು. ನೋಡಲು ಸಂಪೂರ್ಣ ಆರೋಗ್ಯವಾಗಿರುವ ಮರಿಯ ಹಿಕ್ಕೆಯಲ್ಲಿಯೂ ತುಪ್ಪುಳಿನಲ್ಲಿಯೂ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯ ಇರಬಹುದು. ಮನೆಯ ಕೋಳಿಗಳಿಂದ ಹರಡಿದ ಈ ಸೋಂಕು ಅಮೆರಿಕದಲ್ಲಿ ಪ್ರತಿ ವರ್ಷವೂ ವರದಿಯಾಗುತ್ತಿದೆ. ಎಳೆಯ ಮಕ್ಕಳಲ್ಲಿ ಅದು ಕರುಳಿನಿಂದ ರಕ್ತಕ್ಕೆ ಸೇರಿ ಪ್ರಾಣಾಂತಿಕವಾಗಬಹುದು. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳು ಮರಿಗಳನ್ನು ಮುಟ್ಟಲೇಬಾರದೆಂದು ಅಲ್ಲಿಯ ರೋಗನಿಯಂತ್ರಣ ಕೇಂದ್ರವು ವಿಧಿಸಿದೆ. ಉಳಿದವರು ಮುಟ್ಟಿದ ಕೂಡಲೆ ಸಾಬೂನಿನಿಂದ ಕೈ ತೊಳೆಯಬೇಕು, ಮುದ್ದಿಸಿ ಮುತ್ತಿಡಬಾರದು, ಮರಿಗಳ ಪೆಟ್ಟಿಗೆಯನ್ನು ಅಡಿಗೆಮನೆಯಲ್ಲಿ ಇಡಬಾರದು. ಚಳಿಯೆಂದು ಒಲೆಯ ಪಕ್ಕದಲ್ಲಿ ಪೆಟ್ಟಿಗೆಯನ್ನಿರಿಸುವ ಹಳೆಯ ಅಭ್ಯಾಸವನ್ನು ಬಿಡಬೇಕಾಗಿರುವುದು ಇದರಿಂದಲೇ.

ಕರ್ನಾಟಕದಲ್ಲಿ ಒಂದು ದಿನದ ಮರಿಗಳು ಹ್ಯಾಚರಿಗಳಿಂದಲೂ, ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿಸಾಕಣೆಯ ಸಂಸ್ಥೆಯಂತಹ ಕಡೆಗಳಿಂದಲೂ ದೊರೆಯುತ್ತವೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯ ಹೆಸರನ್ನು ಅರಿಯದ ರೈತರು ಕಡಮೆ. ಇಲ್ಲಿಯ ಬೇಸಗೆಯ ಹಗಲಿನಲ್ಲಿ ದೀಪದ ಅಗತ್ಯವೇ ಬೀಳದಿರಬಹುದು. ಆದರೆ ಮುಂಜಾವದ ತಂಪು ಎಳೆಯ ಮರಿಗೆ ಕಡಮೆ ಅಪಾಯಕಾರಿಯಲ್ಲ. ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಅಂಜಬೇಕಾದುದು ರಾಣಿಖೇತ್ ರೋಗಕ್ಕೆ. ಅದರ ಮೊದಲ ಲಸಿಕೆಯನ್ನು ಮೊದಲ ವಾರದಲ್ಲಿಯೇ ಕಣ್ಣಿಗೆ ಅಥವಾ ಮೂಗಿಗೆ ಹನಿಯಾಗಿ ಹಾಕಿಸಬೇಕು.

ಮನೆಯಲ್ಲಿ ಮೊದಲೇ ಕೋಳಿಗಳಿದ್ದರೆ ಹೊಸ ಮರಿಗಳನ್ನು ಅವುಗಳಿಂದ ದೂರವಾಗಿರಿಸಿ, ಮರಿಗಳ ಕೆಲಸವನ್ನು ಮೊದಲು ಮುಗಿಸಿ ಅನಂತರ ದೊಡ್ಡವುಗಳ ಬಳಿಗೆ ಹೋಗುವುದು ಲೇಸು. ದೊಡ್ಡ ಕೋಳಿಗಳಲ್ಲಿ ಅಡಗಿರುವ ರೋಗಾಣುಗಳು ನಮ್ಮ ಪಾದರಕ್ಷೆಯ ಮೂಲಕವೇ ಮರಿಗಳನ್ನು ಮುಟ್ಟುತ್ತವೆ. ಸುಮಾರು ಆರನೆಯ ವಾರಕ್ಕೆ ಮೈತುಂಬ ಗರಿ ಬಂದಿರುತ್ತದೆ. ಆಗ ಬೆಚ್ಚನೆಯ ದಿನವೊಂದನ್ನು ನೋಡಿ ದೀಪವನ್ನು ಆರಿಸಿ, ಒಂದೆರಡು ರಾತ್ರಿ ಗಮನಿಸಿದ ಮೇಲೆ, ಅವನ್ನು ಹೊರಗಿನ ಗೂಡಿಗೆ ಸಾಗಿಸಬಹುದು.